ಪ್ರಭುದೇವರ ವಚನವೂ ಭಾಷಾಂತರದ ವಿವೇಕವೂ

ವಚನವಾಙ್ಮಯವನ್ನು ಕನ್ನಡವರಿಯದ ಓದುಗರಿಗೆ ಮುಟ್ಟಿಸಿದ ಕೃತಿಗಳಲ್ಲಿ ಎ. ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ (1973) ಅಗ್ರಗಣ್ಯವಾದುದು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳು ಅದರ ಮೂಲಕ ತೌಲನಿಕ ಸಾಹಿತ್ಯದ ಅಧ್ಯಯನವನ್ನು ಪ್ರವೇಶಿಸಿದುವು. ಅದನ್ನೇ ತೇಜಸ್ವಿನಿ ನಿರಂಜನ ಅವರು ‘ಸೈಟಿಂಗ್ ಟ್ರಾನ್ಸ್‌ಲೇಶನ್’ (1992) ಗ್ರಂಥದಲ್ಲಿ ಕಠಿನ ವಿಮರ್ಶೆಗೆ ಒಳಪಡಿಸಿದರು. ಮುಂದೆ ಅವರು ಸಹಸ್ಥಾಪಕರಾದ, ಕೆಲಕಾಲ ಬೆಂಗಳೂರಿನ ಜಯನಗರದಲ್ಲಿದ್ದ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರವು ಸಂಶೋಧನ ವಿದ್ಯಾರ್ಥಿಗಳಿಗೆ ನೆಲೆಯಾಯಿತು. ಭಾಷಾಂತರವನ್ನು ಅಭ್ಯಸಿಸುವವರಿಗೆ ಈ ವಾದ ಇಂದಿಗೂ ಮನನಯೋಗ್ಯವಾಗಿದೆ.

ವಿವಾದದ ಕೇಂದ್ರದಲ್ಲಿರುವುದು ಪ್ರಭುದೇವರ ಒಂದು ವಚನ. ಕೋಟಿಸೂರ್ಯರ ಉದಯದಂತಹ ತೇಜವನ್ನು ಕಂಡ ಬೆರಗು ಅದರ ವಸ್ತು. ಗುಹೇಶ್ವರನು ಜ್ಯೋತಿರ್ಲಿಂಗವಾದಲ್ಲಿ ಉಪಮಿಸಬಲ್ಲವರಿಲ್ಲವೆಂಬುದು ಅದರ ನಿಲುಗಡೆ. ರಾಮಾನುಜನ್ ಅವರಲ್ಲಿ ಗುಹೇಶ್ವರನು ‘ಗುಹೆಗಳ ಒಡೆಯ’ನಾದನು, ಜ್ಯೋತಿರ್ಲಿಂಗವು ಬರಿಯ ಬೆಳಕಾಯಿತು. ನಿರಂಜನ ಅವರ ಅನುವಾದವು ಗುಹೇಶ್ವರನನ್ನೂ ಲಿಂಗವನ್ನೂ ಹಾಗೆಯೇ ಉಳಿಸಿಕೊಂಡಿತು. ಆಧುನಿಕ ಇಂಗ್ಲಿಷ್ ಕಾವ್ಯದ ಅಭಿರುಚಿಗೂ ಪಾಶ್ಚಾತ್ಯ ಧಾರ್ಮಿಕ ಕಲ್ಪನೆಗೂ ವಚನವನ್ನು ಒಗ್ಗಿಸಲಾಗಿದೆಯೆಂಬುದು ಅವರ ಆಕ್ಷೇಪ.

ಅಂಕಿತದ ಮಟ್ಟಿಗೆ ಈ ಆಕ್ಷೇಪವನ್ನು ಪೂರ್ಣವಾಗಿ ಒಪ್ಪಲಾಗದು. ಚೆನ್ನಮಲ್ಲಿಕಾರ್ಜುನನನ್ನು ಮಲ್ಲಿಗೆಯ ಬಿಳುಪಿನ ಒಡೆಯನೆಂದಾಗ, ಕನ್ನಡಿಗನ ಕಿವಿ ರೂಢಿಯಿಂದ ಮರೆತಿದ್ದ ಚೆಲುವು ಮತ್ತೆ ಬೆಳಗುತ್ತದೆ. ಆದರೆ ಶ್ರೀಶೈಲವು ಮರೆಯಾಗುತ್ತದೆ. ಕೂಡಲಸಂಗಮದೇವನು ನದೀಸಂಗಮದ ಒಡೆಯನಾದಾಗ ಕೃಷ್ಣಾ ಮಲಪ್ರಭೆಗಳು ಕೂಡುವ ಆ ಕ್ಷೇತ್ರವೇ ಹೆಸರಿಲ್ಲದ್ದಾಗುತ್ತದೆ. ದಾಸಿಮಯ್ಯನ ರಾಮನಾಥನನ್ನು ಮಾತ್ರ ರಾಮಾನುಜನ್ ಅನುವಾದಿಸಲಿಲ್ಲ. ಆದುದರಿಂದ ಉಳಿದ ಅಂಕಿತಗಳ ಅನುವಾದ ಅನಿವಾರ್ಯವಾಗಿರದೆ ಆಯ್ಕೆಯಾಗಿತ್ತೆಂಬುದು ಸ್ಪಷ್ಟ.

ಜ್ಯೋತಿರ್ಲಿಂಗದ ವಿಷಯವಾದರೋ ಬೇರೆ. ಅಲ್ಲಿ ನಷ್ಟವಾದುದು ಸೊಗಸಲ್ಲ, ತತ್ತ್ವ. ಬೆಳಕು ಯಾವ ಮತದ ಅನುಭಾವಿಗೂ ಸಲ್ಲುವ ಮಾತು. ಲಿಂಗವು ಶರಣನಿಗೆ ಸಂಕೇತಮಾತ್ರವಲ್ಲ. ಕರಸ್ಥಲದಲ್ಲಿ ನೆಲೆಗೊಂಡ ಪರವಸ್ತು. ಅದನ್ನು ಕೈಬಿಟ್ಟರೆ ವಚನವು ಸುಂದರವಾಗಿ ಉಳಿದೀತು, ಶಿವಯೋಗದ ನೆಲೆ ತಪ್ಪೀತು. ಇಲ್ಲಿ ನಿರಂಜನ ಅವರ ಪಕ್ಷವೇ ಬಲವಾದುದು. ಆದರೂ ಪದವನ್ನು ಉಳಿಸಿದ ಮಾತ್ರಕ್ಕೆ ಅರ್ಥವು ದಾಟದು; ಷಟ್‌ಸ್ಥಲದ ಪರಿಚಯವಿಲ್ಲದ ಓದುಗನಿಗೆ ಅದು ಕೇವಲ ಶಬ್ದ. ಉಳಿಸಿದ ಪದಕ್ಕೆ ವ್ಯಾಖ್ಯಾನದ ಊರುಗೋಲು ಬೇಕು.

ಉಪಮಿಸುವುದು ತೌಲನಿಕ ಅಧ್ಯಯನದ ಉಸಿರು. ಪ್ರಭುದೇವರ ವಚನವಾದರೋ ಉಪಮೆಯ ಎಲ್ಲೆಯನ್ನೇ ತೋರುತ್ತದೆ. ಇಂಗ್ಲಿಷಿನ ಮೂಲಕವೇ ವಚನವನ್ನರಿತ ವಿದ್ಯಾರ್ಥಿಗೆ ಈ ಎಲ್ಲೆ ಕಾಣದು. ಎರಡು ಅನುವಾದಗಳನ್ನೂ ಮೂಲದ ಪಕ್ಕದಲ್ಲಿಟ್ಟು ಓದಿದವನಿಗೆ ಮಾತ್ರ ಯಾವುದು ದಾಟಿತು, ಯಾವುದು ಈ ದಡದಲ್ಲೇ ಉಳಿಯಿತು ಎಂಬುದು ತಿಳಿದೀತು.