ವರ್ಣಲೇಪದ ಒಣಗುವ ಕಾಲವೂ ನಮ್ಮ ಕಲಾವಿಮರ್ಶೆಯೂ

ಚಿತ್ರಕಲೆಯನ್ನು ಕುರಿತ ನಮ್ಮ ಬರಹಗಳಲ್ಲಿ ರೇಖೆಯ ಲಾಲಿತ್ಯ, ವರ್ಣಗಳ ಸಾಮರಸ್ಯ, ಭಾವದ ಅಭಿವ್ಯಕ್ತಿ ಇವುಗಳ ಚರ್ಚೆ ಧಾರಾಳವಾಗಿ ದೊರೆಯುತ್ತದೆ. ಒಂದು ಲೇಪಕ್ಕೂ ಅದರ ಮೇಲಣ ಲೇಪಕ್ಕೂ ನಡುವೆ ಚಿತ್ರಕಾರನು ಎಷ್ಟು ಹೊತ್ತು ಕಾದನು, ಏತಕ್ಕಾಗಿ ಕಾದನು ಎಂದು ಕೇಳುವವರು ವಿರಳ. ಅದು ಕುಶಲಕರ್ಮಿಯ ವಿಷಯ, ವಿಮರ್ಶಕನದಲ್ಲ ಎಂಬ ಭಾವನೆ ಬೇರೂರಿದೆ. ಈ ಉದಾಸೀನದಿಂದಲೇ, ಅಕ್ರಿಲಿಕ್ ವರ್ಣ ಬಂದಮೇಲೆ ಕಲಾವಿದನು ಕಾಯುವ ಕಷ್ಟದಿಂದ ಪಾರಾದನೆಂಬ ಮಾತು ಪರೀಕ್ಷೆಯಿಲ್ಲದೆ ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಸೇರಿಕೊಂಡಿದೆ. ಆಲೂರು, ಸಕಲೇಶಪುರಗಳ ಗುಡ್ಡಸೀಮೆಯ ಮಗ್ಗೆಯಿಂದ ನೋಡುವವನಿಗೆ ಈ ಮಾತು ಅರ್ಧಸತ್ಯವೆಂದು ತೋರುವುದು. ಹಳೆಯ ಭಿತ್ತಿಚಿತ್ರಗಳ ವಿಷಯದಲ್ಲಿ ಅಪಾಯಕರವೆಂದೂ ತೋರುವುದು.

‘ಒಣಗಿತು’ ಎಂಬ ಒಂದೇ ಶಬ್ದದಲ್ಲಿ ಬೇರೆಬೇರೆ ವ್ಯಾಪಾರಗಳು ಅಡಗಿವೆ. ಅಗಸೆ ಎಣ್ಣೆಯಲ್ಲಿ ಅರೆದ ವರ್ಣವು ನೀರು ಆರಿ ಒಣಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರವು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ತೆಗೆದುಕೊಂಡು ಮತ್ತೆ ಕಲ್ಲಾಗುವುದು. ಗೋಂದಿನ ವರ್ಣದಲ್ಲಿಯೂ ಅಕ್ರಿಲಿಕ್ಕಿನಲ್ಲಿಯೂ ಹೊರಹೋಗುವುದು ನೀರೇ. ಆದರೆ ಈ ಕೊನೆಯ ಎರಡನ್ನು ಒಂದೇ ಜಾತಿಗೆ ಸೇರಿಸುವುದು ಸಲ್ಲದು. ಒಣಗಿದ ಗೋಂದಿನ ವರ್ಣಕ್ಕೆ ನೀರು ತಗುಲಿದರೆ ಅದು ಮತ್ತೆ ಕರಗುವುದು. ಅಕ್ರಿಲಿಕ್ಕಿನಲ್ಲಿ ನೀರು ಹೋದೊಡನೆ ಪಾಲಿಮರಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ, ಆ ಪೊರೆ ಮತ್ತೆ ನೀರಿಗೆ ಬಿಡುವುದಿಲ್ಲ. ಒಂದರಲ್ಲಿ ಕೆಳಪದರ ಕೊನೆಯವರೆಗೂ ಎಚ್ಚರವಾಗಿರುತ್ತದೆ. ಇನ್ನೊಂದರಲ್ಲಿ ಅದರ ಕಥೆ ಅಲ್ಲಿಗೆ ಮುಗಿಯಿತು.

ನೀರಿನೊಡನೆ ಬೆರೆಯುವ ಅಕ್ರಿಲಿಕ್ ವರ್ಣವನ್ನು ಅಮೆರಿಕದ ಹೆನ್ರಿ ಲೆವಿಸನ್ ಅವರು 1955ರಲ್ಲಿ ಲಿಕ್ವಿಟೆಕ್ಸ್ ಎಂಬ ಹೆಸರಿನಿಂದ ಕಲಾವಿದರ ಕೈಗಿತ್ತರು. ತೆಳುವಾದ ಲೇಪ 10ರಿಂದ 20 ನಿಮಿಷಗಳಲ್ಲಿ ಕೈಗಂಟದಂತೆ ಒಣಗುವುದೆಂಬುದು ಇದರ ಪ್ರಸಿದ್ಧ ಗುಣ. ಆದರೆ ಇದು ಒಂದೇ ತೆಳು ಲೇಪದ ಲೆಕ್ಕವೆಂಬುದನ್ನು ಮರೆಯಲಾಗದು. ಕಾಗದದ ಅಥವಾ ಗಾರೆಯ ಮೇಲೆ ಬಳಿದ ಮೊದಲನೆಯ ಲೇಪದ ನೀರು ಮೇಲಕ್ಕೂ ಆರುವುದು, ಕೆಳಕ್ಕೂ ಇಂಗುವುದು. ಎರಡನೆಯ ಲೇಪದ ಕೆಳಗೆ ಆಗಲೇ ಪೊರೆ ಕಟ್ಟಿರುವುದರಿಂದ ಅದರ ನೀರಿಗೆ ಮೇಲ್ಮುಖವಾದ ದಾರಿಯೊಂದೇ ಬಹುಮಟ್ಟಿಗೆ ಉಳಿಯುವುದು. ಆದುದರಿಂದ ಪದರ ಹೆಚ್ಚಿದಷ್ಟೂ ಕಾಯುವ ಹೊತ್ತು ಹೆಚ್ಚಬೇಕೇ ಹೊರತು ಕಡಮೆಯಾಗುವಂತಿಲ್ಲ. ದಪ್ಪನಾಗಿ ಬಳಿದಲ್ಲಂತೂ ಮೇಲೆ ಮೊದಲು ಪೊರೆ ಕಟ್ಟಿ, ಒಳಗಿನ ನೀರು ಸಿಕ್ಕಿಬೀಳುವುದು. ಕಾಲಂಗುಲ ದಪ್ಪದ ಲೇಪ ಒಳಗಿನವರೆಗೆ ಒಣಗಲು ತಿಂಗಳುಗಳೇ ಬೇಕು. ಮುಂಗಾರಿನಲ್ಲಿ ಗೋಡೆ, ಬಟ್ಟೆ, ಪುಸ್ತಕಗಳೆಲ್ಲ ತೇವ ಹಿಡಿಯುವ ಈ ಸೀಮೆಯಲ್ಲಿ, ಗಾಳಿಯೇ ನೀರಿನಿಂದ ತುಂಬಿರುವಾಗ, ವರ್ಣದ ನೀರನ್ನು ಅದು ಎಲ್ಲಿಗೆ ಒಯ್ಯಬೇಕು? ಮೇಲೆ ಒಣಗಿದಂತೆ ಕಂಡದ್ದೆಲ್ಲ ಒಣಗಿದ್ದಲ್ಲವೆಂಬುದನ್ನು ಕಣದಲ್ಲಿ ಕಾಫಿ ಹರವುವ ಯಾವ ಬೆಳೆಗಾರನಿಗೂ ಹೇಳಿಕೊಡಬೇಕಾಗಿಲ್ಲ. ಕಲೆಯ ವಿದ್ಯಾರ್ಥಿಗೆ ಮಾತ್ರ ಹೇಳಬೇಕಾಗಿ ಬಂದಿದೆ.

ಇನ್ನು ಮೈಸೂರು ಸಂಪ್ರದಾಯದ ಚಿತ್ರಗಳನ್ನು ನೋಡೋಣ. ಮುಮ್ಮಡಿ ಕೃಷ್ಣರಾಜ ಒಡೆಯರ (1799–1868) ಆಶ್ರಯದಲ್ಲಿ ಬೆಳೆದ ಈ ಶೈಲಿಯಲ್ಲಿ ಒಡವೆ, ಕಿರೀಟ, ಮಂಟಪಗಳನ್ನು ಮಕ್ಕಿ ಸಫೇದವೆಂಬ ಲೇಪದಿಂದ ಕೊಂಚ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚುವರು. ತಂಜಾವೂರಿನ ಚಿತ್ರಗಳಿಗೆ ಹೋಲಿಸಿದರೆ ಮೈಸೂರಿನ ಉಬ್ಬು ಬಹಳ ಕಡಮೆಯೆಂದು ಎಲ್ಲರೂ ಗುರುತಿಸಿದ್ದಾರೆ. ಅದನ್ನು ಅಭಿರುಚಿಯ ಸಂಯಮವೆಂದು ಹೊಗಳಿಯೂ ಇದ್ದಾರೆ. ಹೊಗಳಿಕೆ ಯುಕ್ತವೇ. ಆದರೆ ದಪ್ಪನೆಯ ಲೇಪ ಮೇಲಿನಿಂದ ಒಣಗುತ್ತ ಕುಗ್ಗಿದಾಗ ಬಿರುಕು ಬಿಡುವುದೆಂಬುದೂ, ತೆಳುಲೇಪವನ್ನು ಕುಂಚದ ತುದಿಯಿಂದ ಎತ್ತಿ ಒಣಗಿಸಿ ಮತ್ತೆ ಎತ್ತುವವನಿಗೆ ಆ ಭಯವಿಲ್ಲವೆಂಬುದೂ ಈ ಸಂಯಮದಲ್ಲಿ ಪಾಲುಗೊಂಡಿರಬೇಕೆಂದು ನನ್ನ ಅಭಿಪ್ರಾಯ. ಮುಖಗಳ ವಿಷಯ ಇನ್ನೂ ಸ್ವಾರಸ್ಯಕರವಾದುದು. ಗೋಂದಿನ ವರ್ಣದಲ್ಲಿ ಕೆನ್ನೆಯ ನೆರಳನ್ನು ತಿದ್ದುವಾಗ ಕೆಳಪದರ ಕರಗಿ ಅಂಚು ಮೃದುವಾಗುತ್ತದೆ. ಕೈ ಒಂದು ಕ್ಷಣ ತಡೆದರೆ ಎಲ್ಲವೂ ಕದಡುತ್ತದೆ. ಆ ಅಳುಕೇ ಆ ಮುಖಗಳಿಗೆ ನಯವನ್ನು ತಂದಿದೆ. ಇಂದು ಅಕ್ರಿಲಿಕ್ಕಿನಲ್ಲಿ ಬರೆದ ದೇವತಾಮುಖಗಳಲ್ಲಿ ನೆರಳಿನ ಅಂಚು ಗೆರೆ ಕೊರೆದಂತೆ ಕಾಣುವುದುಂಟು. ಇದಕ್ಕೆ ಚಿತ್ರಕಾರನ ಅಸಾಮರ್ಥ್ಯವನ್ನು ಕಾರಣವಾಗಿ ಹೇಳುವ ವಿಮರ್ಶೆ ಅವಸರದ್ದು. ಕುಂಚ ತಿರುಗುವ ಮುನ್ನವೇ ವರ್ಣ ಬಿಗಿದುಕೊಂಡಿರುತ್ತದೆ. ಪ್ರತಿಯಾಗಿ, ಒಂದರ ಮೇಲೊಂದು ಪಾರದರ್ಶಕ ಲೇಪವನ್ನು ಹತ್ತುಸಲ ಕೆಳಗಿನದು ಕದಡದಂತೆ ಹಾಯಿಸುವ ಅನುಕೂಲ ಅಕ್ರಿಲಿಕ್ಕಿನದೇ. ಗೋಂದಿಗೆ ಅದು ಅಸಾಧ್ಯ. ಹೊಸ ಮಾಧ್ಯಮದಲ್ಲಿ ಹಳೆಯ ನಯವನ್ನು ಹುಡುಕುವುದಕ್ಕಿಂತ ಈ ಗುಣವನ್ನು ಬಳಸಿಕೊಂಡವರಾರು ಎಂದು ಹುಡುಕುವುದು ಲೇಸು.

ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕಾಲದಲ್ಲಿ ಅಲ್ಲಿ ಬಳಕೆಯಲ್ಲಿದ್ದ ‘ವಾಷ್’ ಪದ್ಧತಿಯೂ ಇಲ್ಲಿ ನೆನಪಿಗೆ ಬರುವುದು. ಒಣಗಿದ ಚಿತ್ರವನ್ನೇ ಮತ್ತೆ ನೀರಿನಲ್ಲಿ ಅದ್ದಿ, ಉಳಿದ ವರ್ಣದ ಮೇಲೆ ಹೊಸ ಲೇಪವನ್ನು ಹಾಯಿಸುವ ಆ ಪದ್ಧತಿಯಲ್ಲಿ ಒಣಗುವಿಕೆ ವಿರಾಮವಲ್ಲ, ಬರವಣಿಗೆಯ ಭಾಗವೇ.

ಇಷ್ಟು ಸೂಕ್ಷ್ಮ ಚರ್ಚೆ ಏತಕ್ಕೆಂದು ಕೇಳುವವರಿಗೆ ಗೋಡೆಗಳ ಕಡೆ ಕೈತೋರಬೇಕಾಗುವುದು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. 1799ರ ಮುತ್ತಿಗೆಗೆ ಮುನ್ನ ಅದು ಅಳಿಸಲ್ಪಟ್ಟಿತ್ತು. ಅನಂತರ ವೆಲ್ಲೆಸ್ಲಿಯ ಕಾಲದಲ್ಲಿ ಸರಿಪಡಿಸಲ್ಪಟ್ಟಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬರೆಯಲ್ಪಟ್ಟಿತು. ಇಂದು ನಾವು ಟಿಪ್ಪುವಿನ ಕಾಲದ್ದೆಂದು ನೋಡುವುದು ಪದರದ ಮೇಲಣ ಪದರವನ್ನು. ಆದರೂ ಆ ಪುನರ್ಲೇಖನವೆಲ್ಲ ಅಕ್ರಿಲಿಕ್ಕಿಗೆ ಹಿಂದಿನದು. ನಮ್ಮ ಜಿಲ್ಲೆಯ ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಂತಹ ಗೋಡೆಗಳ ಮೇಲೆ, ಅಥವಾ ಹೆಸರಿಲ್ಲದ ಹಳ್ಳಿಗುಡಿಗಳ ಗೋಡೆಗಳ ಮೇಲೆ, ಜೀರ್ಣೋದ್ಧಾರದ ಹುರುಪಿನಲ್ಲಿ ಯಾರಾದರೂ ಅಕ್ರಿಲಿಕ್ಕನ್ನು ಬಳಿದರೆ ಪರಿಣಾಮ ಬೇರೆ. ಸುಣ್ಣದ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ಮೇಲಿನ ಪೊರೆ ಆ ದಾರಿಯನ್ನು ಬಿಗಿಹಿಡಿದರೆ ನೀರೂ ಉಪ್ಪೂ ಅದರ ಹಿಂದೆ ಸೇರಿ ಬೊಬ್ಬೆ ಏಳುವುದು. ಸುಲಿಯುವಾಗ ಹೊಸ ಪೊರೆ ತನ್ನೊಡನೆ ಹಳೆಯ ವರ್ಣವನ್ನೂ ಕಿತ್ತುಕೊಂಡು ಬರುವುದು. ನೀರಿಗೆ ಬಿಡದ ಆ ಪೊರೆಯನ್ನು ತೆಗೆಯಬಲ್ಲ ದ್ರಾವಕಗಳಿಂದ ಕೆಳಗಿನ ಚಿತ್ರಕ್ಕೂ ಹಾನಿ ತಟ್ಟಬಹುದು. ಅರ್ಧಗಂಟೆಯಲ್ಲಿ ಒಣಗಿತೆಂದು ಬಳಿದವರು ಸಂತೋಷಪಟ್ಟದ್ದು ಲೇಪದ ನೀರನ್ನು ನೋಡಿ; ಗೋಡೆಯ ನೀರನ್ನು ಯಾರೂ ಕೇಳಿರುವುದಿಲ್ಲ.

ಭಿತ್ತಿಚಿತ್ರಗಳನ್ನು ವಿಷಯವಾಗಿ ಆರಿಸಿಕೊಳ್ಳುವ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಚಿತ್ರದ ಅಳತೆ, ಕಥಾವಸ್ತು, ಕಾಲ ಇವು ತಪ್ಪದೆ ಇರುತ್ತವೆ. ಮೇಲ್ಪದರ ಯಾವ ಮಾಧ್ಯಮದ್ದು, ಅದನ್ನು ಯಾವ ವರ್ಷ, ಯಾವ ತಿಂಗಳಿನಲ್ಲಿ ಬಳಿದರು, ಆಗ ಗೋಡೆ ಹಸಿಯಾಗಿತ್ತೇ ಎಂಬ ನಾಲ್ಕು ಸಾಲುಗಳೂ ಅವುಗಳಲ್ಲಿ ಸೇರಬೇಕು. ಬಳಿದ ಕುಶಲಕರ್ಮಿಗಳು ಇನ್ನೂ ಬದುಕಿರುವ ಕಡೆ ಈ ಕೆಲಸ ಒಂದು ಮಧ್ಯಾಹ್ನದ ಮಾತುಕತೆಯಿಂದ ಆಗುವಂಥದು.