ಹುಲ್ಲು ಕೊಯ್ಯುವ ಹೊತ್ತು

ಎಕ್ಕದ ಹೂವನ್ನು ಬಿಡಿಸಿ ನೋಡಿದವರು ಅಮೆರಿಕದ ಮೀಡ್ಸ್ ಮಿಲ್ಕ್‌ವೀಡನ್ನು ಕಂಡರೆ ನೆಂಟಸ್ತಿಕೆ ತಕ್ಷಣ ಹಿಡಿದುಬಿಡುತ್ತಾರೆ. ಮುರಿದರೆ ಅದೇ ಹಾಲು. ಪರಾಗವನ್ನು ಪುಡಿಯಾಗಿ ಉದುರಿಸದೆ, ಜೋಡಿಗಂಟು ಕಟ್ಟಿ ಕೀಟದ ಕಾಲಿಗೆ ಸಿಕ್ಕಿಸಿ ಕಳಿಸುವ ಅದೇ ಜಾಣತನ. ನಮ್ಮ ಎಕ್ಕ ರಸ್ತೆಬದಿಯ ಕಲ್ಲುಮಣ್ಣಿನಲ್ಲೂ ಬದುಕುತ್ತದೆ; ತಿಳಿಹಸಿರು ಹೂಗೊಂಚಲನ್ನು ತಲೆಬಾಗಿಸಿ ನಿಲ್ಲುವ ಈ ಗಿಡಕ್ಕೆ ಮಾತ್ರ ನೇಗಿಲು ಕಾಣದ ಹುಲ್ಲುಗಾವಲೇ ಬೇಕು.

ಅಂಥ ನೆಲ ಈಗ ಎಲ್ಲಿದೆ? 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ ಮೇಲೆ, ಎತ್ತರದ ಹುಲ್ಲಿನ ಪ್ರೇರಿ ಬಯಲುಗಳು ಒಂದೊಂದಾಗಿ ಮುಸುಕಿನ ಜೋಳದ ಹೊಲಗಳಾದವು. ಉಳಿದಿರುವುದು ಶೇಕಡಾ 4ರ ಆಸುಪಾಸು. ಇಲಿನಾಯ್‌ನ ವೈದ್ಯ ಸ್ಯಾಮ್ಯುಯೆಲ್ ಮೀಡ್ ಅವರ ಹೆಸರು ಹೊತ್ತ ಈ ಗಿಡ 1988ರಲ್ಲಿ ಅಪಾಯದಲ್ಲಿರುವ ಸಸ್ಯಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಇಂದು ಅದರ ಹೆಚ್ಚಿನ ನೆಲೆಗಳು ಕಾನ್ಸಸ್, ಮಿಸೌರಿಗಳಲ್ಲಿವೆ.

ಕಾನ್ಸಸ್‌ನಲ್ಲಿ ಅದನ್ನು ಉಳಿಸಿದವರು ಮೇವಿನ ಆಸೆಗೆ ಹುಲ್ಲುಗಾವಲನ್ನು ಉಳದೆ ಬಿಟ್ಟ ರೈತರು. ಆ ಋಣವನ್ನು ಮರೆಯಬಾರದು. ಆದರೆ ತೊಡಕೂ ಅಲ್ಲೇ ಇದೆ. ಗಿಡ ಹೂಬಿಡುವುದು ಮೇ ಕೊನೆ, ಜೂನ್‌ನಲ್ಲಿ. ಕಾಯಿ ಬಲಿಯುವುದು ಶರತ್ಕಾಲಕ್ಕೆ. ಹುಲ್ಲು ಕೊಯ್ಯುವುದು ನಡುಬೇಸಿಗೆಯಲ್ಲಿ. ಎಳೆಗಾಯಿ ಮೇವಿನ ಜೊತೆ ಹೋಗುತ್ತದೆ. ಗಿಡವೇನೂ ಸಾಯುವುದಿಲ್ಲ, ನೆಲದೊಳಗಿನ ಗೆಡ್ಡೆಬೇರಿನಿಂದ ವರ್ಷ ವರ್ಷವೂ ಚಿಗುರುತ್ತದೆ, ಪಕ್ಕಕ್ಕೂ ಹಬ್ಬುತ್ತದೆ. ನೋಡುವವರಿಗೆ ಬಯಲು ತುಂಬ ಗಿಡ. ಆದರೆ ಎಷ್ಟೋ ಕಡೆ ಅಷ್ಟೂ ಕಾಂಡಗಳು ಒಂದೇ ಬೇರಿನವು. ತನ್ನದೇ ಪರಾಗವನ್ನು ಒಲ್ಲದ ಜಾತಿ ಇದು, ಹಾಗಾಗಿ ಬೇರೆ ವಂಶದ ಜೊತೆಗಾರ ಇಲ್ಲದ ಕಡೆ ಬೀಜವೇ ಇಲ್ಲ. ಕಾಂಡ ಎಣಿಸಿ ಗಿಡ ಕ್ಷೇಮವಾಗಿದೆ ಎಂದು ಬರೆದುಕೊಳ್ಳುವ ಲೆಕ್ಕವನ್ನು ನಾನು ನಂಬುವುದಿಲ್ಲ.

ಬೆಂಕಿ ಹಾಕಿ ನಿರ್ವಹಿಸುವ ಪ್ರೇರಿಗಳಲ್ಲಿ ವಂಶವೈವಿಧ್ಯ ಹೆಚ್ಚು. ಗಿಡ ನೆಲದೊಳಗೆ ಮಲಗಿರುವ ಕಾಲದಲ್ಲಿ ಒಣಹುಲ್ಲು ಸುಟ್ಟರೆ ಬೇರಿಗೆ ಹಾನಿಯಿಲ್ಲ, ಬೀಜಕ್ಕೆ ಬರಿನೆಲ ಸಿಗುತ್ತದೆ. ಮೂಲನಿವಾಸಿಗಳು ಈ ಬಯಲುಗಳಿಗೆ ಬೆಂಕಿಯಿಡುತ್ತಿದ್ದುದು ಸುಮ್ಮನಲ್ಲ.

ಶಿಕಾಗೋ ಬಳಿಯ ಮಾರ್ಟನ್ ಆರ್ಬೊರೇಟಮ್ ಬೇರೆ ಬೇರೆ ನೆಲೆಗಳ ಬೀಜದಿಂದ ಸಸಿ ಬೆಳೆಸಿ ಪ್ರೇರಿಗೆ ಮರಳಿಸಿದೆ. ಒಳ್ಳೆಯ ಕೆಲಸ, ಆದರೆ ಸಸಿ ಹೂಬಿಡಲು ಹಲವು ವರ್ಷ ಕಾಯಬೇಕು. ಅದಕ್ಕಿಂತ ಮೊದಲು ಆಗಬೇಕಾದದ್ದು, ಈ ಗಿಡವಿರುವ ಹುಲ್ಲುಗಾವಲುಗಳಲ್ಲಿ ಕಾಯಿ ಒಡೆಯುವವರೆಗೆ ಕೊಯ್ಲು ತಡೆಯುವುದು. ತಡವಾಗಿ ಕೊಯ್ದ ಹುಲ್ಲಿನಲ್ಲಿ ಸತ್ವ ಕಡಿಮೆ. ಆ ನಷ್ಟವನ್ನು ರೈತನ ತಲೆಗೇ ಕಟ್ಟದೆ ಸರ್ಕಾರ ತುಂಬಿಕೊಡಬೇಕು.