ದುಡಿದ ಬಟ್ಟೆಯ ಕೌದಿಗಳು

ಕೌದಿ ನೋಡುವವರಲ್ಲಿ ಹೆಚ್ಚಿನವರು ಬಣ್ಣಕ್ಕೆ ಮಾರುಹೋಗುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಬಟ್ಟೆಯ ಕಡೆಗೆ. ಈ ತುಂಡು ಕೌದಿಗೆ ಬರುವ ಮುಂಚೆ ಏನಾಗಿತ್ತು, ಯಾರ ಮೈಮೇಲಿತ್ತು, ಎಲ್ಲಿ ಸವೆದಿದೆ? ಹೀಗೆ ನೋಡುವ ಅಭ್ಯಾಸವಿರುವವರು ಮಿಸೌರಿ ಪೆಟ್‌ವೇ 1942ರಲ್ಲಿ ಹೊಲಿದ ಕೌದಿಯೊಂದನ್ನು, ಚಿತ್ರದಲ್ಲಾದರೂ ಸರಿ, ಪುರುಸೊತ್ತು ಮಾಡಿಕೊಂಡು ನೋಡಬೇಕು.

ಮಿಸೌರಿ ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯವರು, ಕಪ್ಪು ಗೇಣಿದಾರರ ಮನೆಯ ಹೆಣ್ಣುಮಗಳು. ಗಂಡ ನಥಾನಿಯಲ್ ತೀರಿಕೊಂಡಾಗ ಆತ ಹೊಲಕ್ಕೆ ಹಾಕಿಕೊಂಡು ಹೋಗುತ್ತಿದ್ದ ಪ್ಯಾಂಟು, ಅಂಗಿಗಳನ್ನೆಲ್ಲ ಒಟ್ಟುಮಾಡಿ ಬಿಚ್ಚಿ ಹರಿದು ಕೌದಿಗೆ ಕೂತರು. ಪಕ್ಕದಲ್ಲಿ ಹದಿಹರೆಯದ ಮಗಳು ಆರ್ಲೊಂಜಿಯಾ. ಅವನ ನೆನಪಿಗೆ ಇದು, ಅವನ ಪ್ರೀತಿಯನ್ನೇ ಹೊದ್ದು ಮಲಗುತ್ತೇನೆ ಎಂದು ಅಮ್ಮ ಅಂದ ಮಾತನ್ನು ಮಗಳು ಮುಪ್ಪಿನಲ್ಲೂ ನೆನೆಯುತ್ತಿದ್ದರು. ಕೌದಿ ಸುಮಾರು 90 ಅಂಗುಲ ಉದ್ದ, 69 ಅಂಗುಲ ಅಗಲ. ಅದರಲ್ಲಿರುವುದು ಉದ್ದುದ್ದ ಪಟ್ಟಿಗಳು, ಚೌಕಗಳು, ಬಿಸಿಲಿಗೆ ಬಿಳಿಚಿದ ನೀಲಿ, ಗೋಣಿಯಂಥ ಒರಟು ಹತ್ತಿ ಬಟ್ಟೆ. ಅಂಚುಗಳು ನೇರವಾಗಿಲ್ಲ, ಒಂದು ಪಟ್ಟಿ ಅಗಲವಾದರೆ ಪಕ್ಕದ್ದು ಕಿರಿದು. ಇದ್ದ ಬಟ್ಟೆ ಇಷ್ಟೇ ಆಗಿದ್ದರಿಂದ ಅವರು ಲೆಕ್ಕ ಹಾಕಿ ಜೋಡಿಸಿದ್ದಾರೆ. ಆ ಊರಿನ ಇಂಥ ಕೌದಿಗಳಲ್ಲಿ ಜೇಬು ಕಿತ್ತ ಜಾಗ ಗೊತ್ತಾಗಿಬಿಡುತ್ತದೆ. ಸುತ್ತಲಿನ ಬಟ್ಟೆ ಮಾಸಿದ್ದರೂ ಜೇಬಿನಡಿ ಬಿಸಿಲು ಕಾಣದ ಚೌಕ ಗಾಢ ನೀಲಿಯಾಗಿ ಉಳಿದಿರುತ್ತದೆ. ಮಂಡಿಯ ಜಾಗದಲ್ಲಿ ತೇಪೆಯ ಮೇಲೆ ತೇಪೆ. ಹತ್ತಿ ಬಿಡಿಸುವಾಗ ಮಂಡಿಯೂರಿದ ಮನುಷ್ಯನ ದುಡಿಮೆಯ ಲೆಕ್ಕ ಅದು, ಯಾವ ಜಮೀನ್ದಾರನ ಖಾತೆ ಪುಸ್ತಕದಲ್ಲೂ ಸಿಗದ ಲೆಕ್ಕ. ಇವತ್ತು ಈ ಕೌದಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಲಿಸಾ ಗೇಲ್ ಕಾಲಿನ್ಸ್ ಎಂಬ ವಿದ್ವಾಂಸರು ಇದೊಂದೇ ಕೌದಿಯ ಸುತ್ತ ಇಡೀ ಪುಸ್ತಕ ಬರೆದಿದ್ದಾರೆ. ಅಷ್ಟಕ್ಕೂ ಅರ್ಹವಾದ ಕೆಲಸವೇ ಹೌದು.

ಕಪ್ಪು ಹೆಣ್ಣುಮಕ್ಕಳ ಕಲೆ, ಅದರಿಂದ ದೊರೆಯುವ ನ್ಯಾಯ, ಗಾಯಕ್ಕೆ ಸಿಗುವ ಮದ್ದು ಎಂದು ಮಾತೆತ್ತಿದರೆ ಹಾಡುಗಾರ್ತಿಯರ, ಕವಿಗಳ ಹೆಸರು ಮೊದಲು ಬರುತ್ತದೆ. ಬರಲಿ. ಆದರೆ ಸೂಜಿ ಹಿಡಿದವರನ್ನು ಅವರ ಹಿಂದಿನ ಸಾಲಿನಲ್ಲಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ನ್ಯಾಯವೆನ್ನುವುದು ಕೌದಿಯ ಚಿತ್ರದಲ್ಲಿ ಮಾತ್ರ ಇರುವಂಥದ್ದಲ್ಲ. ಆ ಬಟ್ಟೆ ಯಾರದು, ಅದು ಯಾರ ಕೈಗೆ ಹೋಯಿತು, ಏನು ಬೆಲೆ ಸಿಕ್ಕಿತು, ಯಾರ ಹೆಸರು ಉಳಿಯಿತು ಎನ್ನುವುದರಲ್ಲೆಲ್ಲ ಅದು ಇದೆ. ಕೌದಿಯ ಕಥೆಯನ್ನು ಅಲ್ಲಿಯವರೆಗೂ ಹಿಂಬಾಲಿಸದೆ ಅಂದ ಹೊಗಳಿದರೆ ಅರ್ಧ ನೋಡಿದಂತೆ.

ಜೀಸ್ ಬೆಂಡನ್ನು ಅಲಬಾಮಾ ನದಿ ಮೂರು ಕಡೆಯಿಂದ ಸುತ್ತುವರಿದಿದೆ. ಊರಿನ ಬಹುಪಾಲು ಜನರ ಅಡ್ಡಹೆಸರು ಪೆಟ್‌ವೇ. ಅದು ಅವರ ಪೂರ್ವಿಕರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ತೋಟದ ಒಡೆಯನ ಹೆಸರು. 1932ರಲ್ಲಿ ಸಾಲ ಕೊಟ್ಟಿದ್ದ ವ್ಯಾಪಾರಿಯೊಬ್ಬ ಸತ್ತ ಮೇಲೆ ಅವನ ಕಡೆಯವರು ವಸೂಲಿಗೆ ಬಂದು ಸುಮಾರು 60 ಕುಟುಂಬಗಳ ಕಾಳುಕಡಿ, ದನಕರು, ನೇಗಿಲು, ಗಾಡಿ ಎಲ್ಲವನ್ನೂ ಹೊತ್ತೊಯ್ದರು. ಆ ಚಳಿಗಾಲ ಊರು ಹಸಿವಿನಲ್ಲಿ ಕಳೆಯಿತು. ಮೂವತ್ತು ವರ್ಷಗಳ ನಂತರ, ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟ ಕಾಲದಲ್ಲಿ, ನದಿಯಾಚೆಯ ಕ್ಯಾಮ್ಡೆನ್ ಪಟ್ಟಣಕ್ಕೆ ಇದ್ದ ದೋಣಿಯನ್ನೇ 1962ರಲ್ಲಿ ನಿಲ್ಲಿಸಿಬಿಟ್ಟರು. ಹೆಸರು ಸೇರಿಸುವ ಕಚೇರಿ ಇದ್ದದ್ದು ಆ ದಡದಲ್ಲಿ. ದೋಣಿ ಮತ್ತೆ ಬಂದದ್ದು 2006ರಲ್ಲಿ. ಈ ಊರಿನ ಗೋಡೆಗಳ ಬಿರುಕಿನಿಂದ ನುಗ್ಗುವ ಗಾಳಿಗೆ ಅಡ್ಡವಾಗಿ ಹೊದ್ದ ಕೌದಿಗಳನ್ನೇ ಮುಂದೆ ಲೋಕ ಆಧುನಿಕ ಕಲೆ ಎಂದು ಕೊಂಡಾಡಿದ್ದು.

1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಊರಿಗೆ ಬಂದು ಹೋದರು. ಮತದಾನದ ಹಕ್ಕು ಕೇಳಿದ್ದಕ್ಕೆ ಆ ಸೀಮೆಯಲ್ಲಿ ಅನೇಕ ಗೇಣಿದಾರರು ಮನೆ, ಕೆಲಸ ಕಳೆದುಕೊಂಡರು. ಅದೇ ವರ್ಷದ ಕೊನೆಯಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ ತಂತಿಯ ಮೇಲೆ ಒಣಹಾಕಿದ್ದ ಕೌದಿಗಳನ್ನು ಕಂಡು, ಇವುಗಳನ್ನು ಮಾರಿದರೆ ಹೇಗೆ ಎಂದು ಕೇಳಿದರು. ಹಾಗೆ ಮರುವರ್ಷ ಹುಟ್ಟಿದ್ದು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಹೆಂಗಸರ ಸಹಕಾರ ಸಂಘ. ಎಸ್ಟೆಲ್ ವಿದರ್‌ಸ್ಪೂನ್ ಅದನ್ನು ವರ್ಷಾನುಗಟ್ಟಲೆ ನಡೆಸಿದರು. ಮೊದಲ ಹರಾಜು ನ್ಯೂಯಾರ್ಕಿನಲ್ಲಾಯಿತು. ಆಮೇಲೆ ದೊಡ್ಡ ಅಂಗಡಿಗಳ ಬೇಡಿಕೆ ಬಂತು. ಸಂಘ ತನ್ನದೇ ಜಮೀನು ಕೊಂಡು ಹೊಲಿಗೆ ಮನೆ ಕಟ್ಟಿತು. ಒಕ್ಕಲೆಬ್ಬಿಸಿಕೊಂಡ ಕುಟುಂಬಗಳಿಗೆ ಅದೇ ಜಮೀನಿನಲ್ಲಿ ನಿವೇಶನ ಕೊಟ್ಟಿತು. ಹಕ್ಕು ಕೇಳಿದ್ದಕ್ಕೆ ಬೀದಿಗೆ ಬಿದ್ದವರಿಗೆ ಹೊಲಿಗೆಯ ದುಡ್ಡಿನಿಂದ ನೆಲ ಸಿಕ್ಕಿದ್ದು ನನಗೆ ಯಾವ ವಸ್ತುಸಂಗ್ರಹಾಲಯದ ಗೌರವಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅಂಗಡಿಗೆ ಹೊಲಿಯುವುದರಲ್ಲಿ ಕಷ್ಟವೂ ಇತ್ತು. ಗಿರಾಕಿ ಕೇಳುವುದು ಒಂದೇ ಅಳತೆ, ಒಂದೇ ವಿನ್ಯಾಸ. ಮನಸ್ಸಿಗೆ ಬಂದಂತೆ ಪಟ್ಟಿ ಓಡಿಸುವ ಕೈಗಳಿಗೆ ಅದು ಒಗ್ಗಲಿಲ್ಲ. 1972ರಲ್ಲಿ ಸಿಯರ್ಸ್ ಕಂಪನಿ ಕಾರ್ಡುರಾಯ್ ದಿಂಬಿನ ಗವಸುಗಳನ್ನು ಹೊಲಿಸಿತು. ಮಿಕ್ಕ ಕಾರ್ಡುರಾಯ್ ತುಂಡುಗಳು ಊರಿಗೆ ಬಂದವು. ಕಿತ್ತಳೆ, ಸಾಸಿವೆ ಹಳದಿ, ಹಸಿರು ಬಣ್ಣದ ಆ ತುಂಡುಗಳಿಂದ ಹೆಂಗಸರು ತಮ್ಮ ಮನೆಗೆ ಹೊಲಿದುಕೊಂಡ ಕೌದಿಗಳು ಗಿರಾಕಿಗೆ ಹೊಲಿದ ಗವಸುಗಳನ್ನು ಮೀರಿಸಿದವು.

2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಜೀಸ್ ಬೆಂಡಿನ ಕೌದಿಗಳು ಗೋಡೆ ಏರಿದವು. 2006ರಲ್ಲಿ ಅಂಚೆ ಚೀಟಿಗಳಾದವು. ಪ್ರದರ್ಶನಗಳಿಗೆ ಹೋದ ಹೆಂಗಸರು ಅಲ್ಲಿ ನಿಂತು ದೇವರ ಹಾಡು ಹಾಡಿದರು. ಊರಿನಲ್ಲಿ ಹೊಲಿಯುತ್ತ ಹಾಡುವುದು ಹಿಂದಿನಿಂದ ಬಂದದ್ದೇ. ಕೌದಿಯನ್ನು ಗಾಜಿನೊಳಗಿಟ್ಟು ಸುಮ್ಮನೆ ನೋಡುವವರ ಮುಂದೆ ಅದನ್ನು ಮಾಡಿದವರು ಬಾಯಿಬಿಟ್ಟು ಹಾಡಿದರೆ, ಅದು ಹೇಗೆ ಹುಟ್ಟಿತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಆದರೆ ಹೆಸರು ಬಂದಷ್ಟು ದುಡ್ಡು ಬರಲಿಲ್ಲ, ವಿನ್ಯಾಸಗಳ ಹಕ್ಕು ನಮ್ಮ ಕೈಯಲ್ಲಿಲ್ಲ ಎಂದು ಕೆಲವರು 2007ರಲ್ಲಿ ನ್ಯಾಯಾಲಯಕ್ಕೆ ಹೋದರು. ಮರುವರ್ಷ ರಾಜಿಯಾಯಿತು. ಈ ಪ್ರಸಂಗವನ್ನು ಬಿಟ್ಟು ಜೀಸ್ ಬೆಂಡಿನ ಬಗ್ಗೆ ಬರೆಯುವ ಸೊಗಸಿನ ಲೇಖನಗಳನ್ನು ನಾನು ನಂಬುವುದಿಲ್ಲ.

ಬೆಲೆಯ ಮಾತು ಬಂದಾಗ ಹ್ಯಾರಿಯೆಟ್ ಪವರ್ಸ್ ಅವರನ್ನು ನೆನೆಯದಿರಲು ಆಗದು. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಬೈಬಲ್ ಕಥೆಗಳನ್ನು ಬಟ್ಟೆಯ ಮೇಲೆ ಬಟ್ಟೆ ಕತ್ತರಿಸಿಟ್ಟು ಹೊಲಿದ ಅವರ ಕೌದಿ 1886ರಲ್ಲಿ ಅಥೆನ್ಸ್ ಪಟ್ಟಣದ ಹತ್ತಿ ಜಾತ್ರೆಯಲ್ಲಿತ್ತು. ಜೆನ್ನಿ ಸ್ಮಿತ್ ಎಂಬ ಬಿಳಿಯ ಚಿತ್ರಕಲಾ ಶಿಕ್ಷಕಿ ಅದನ್ನು ಕೊಳ್ಳಲು ಕೇಳಿದರು. ಪವರ್ಸ್ ಎಷ್ಟು ಕೊಟ್ಟರೂ ಕೊಡುವುದಿಲ್ಲ ಎಂದರು. ಕೆಲವು ವರ್ಷ ಕಳೆದು ಕಷ್ಟ ಬಂದಾಗ ಅವರೇ ಕೌದಿಯನ್ನು ಕಟ್ಟಿಕೊಂಡು ಬಂದು 10 ಡಾಲರ್ ಕೇಳಿದರು, ಕೊನೆಗೆ 5 ಡಾಲರಿಗೆ ಕೊಟ್ಟರು. ಕೊಡುವ ಮುನ್ನ ಒಂದೊಂದು ಚೌಕದ ಕಥೆಯನ್ನೂ ಬಿಡಿಸಿ ಹೇಳಿದರು. ಜೆನ್ನಿ ಬರೆದುಕೊಂಡರು. ಆಮೇಲೂ ಪವರ್ಸ್ ತಮ್ಮ ಕೌದಿಯನ್ನು ನೋಡಿ ಹೋಗಲು ಆಗಾಗ ಆ ಮನೆಗೆ ಬರುತ್ತಿದ್ದರಂತೆ. ಈಗ ಅದು ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಉಳಿದಿರುವ ಇನ್ನೊಂದು ಕೌದಿ ಬಾಸ್ಟನ್ನಿನಲ್ಲಿದೆ. ಅದರಲ್ಲಿ 1833ರ ನವೆಂಬರಿನಲ್ಲಿ ಆಕಾಶದಿಂದ ಉಲ್ಕೆಗಳ ಮಳೆ ಸುರಿದ ರಾತ್ರಿಯೂ ಇದೆ. ಪವರ್ಸ್ ಹುಟ್ಟುವ ಮುಂಚಿನ ಸಂಗತಿ ಅದು. ಹಿರಿಯರ ಬಾಯಿಂದ ಕೇಳಿದ್ದನ್ನು ಬೈಬಲ್ಲಿನ ಮಗ್ಗುಲಲ್ಲೇ ಹೊಲಿದಿಟ್ಟರು.

ಓಡಿಹೋಗುವ ಗುಲಾಮರಿಗೆ ದಾರಿ ತೋರಿಸಲು ಕೌದಿಗಳಲ್ಲಿ ಗುಪ್ತ ಸಂಕೇತಗಳಿದ್ದವು ಎಂಬ ಕಥೆ 1999ರ ಒಂದು ಪುಸ್ತಕದಿಂದ ಎಲ್ಲೆಡೆ ಹಬ್ಬಿದೆ. ಕೇಳಲು ಚೆಂದ. ಆದರೆ ಇತಿಹಾಸಕಾರರಿಗೆ ಅದಕ್ಕೆ ಆಧಾರ ಸಿಕ್ಕಿಲ್ಲ. ಪವರ್ಸ್ ಅಂಥವರ ನಿಜವಾದ ಕೌದಿಗಳು ಕಣ್ಣೆದುರಿಗಿರುವಾಗ ಈ ಕಥೆಯ ಅಗತ್ಯವೂ ಇಲ್ಲ.

ಇನ್ನು ಫೇತ್ ರಿಂಗ್‌ಗೋಲ್ಡ್. 1930ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿ 2024ರ ಏಪ್ರಿಲಿನಲ್ಲಿ ತೀರಿಕೊಂಡವರು. ತಾಯಿ ವಿಲ್ಲಿ ಪೋಸಿ ಉಡುಪು ವಿನ್ಯಾಸಕಿ. ಮುತ್ತಜ್ಜಿಯ ಕಾಲದಲ್ಲಿ ಗುಲಾಮಗಿರಿಯಲ್ಲಿದ್ದವರು ಒಡೆಯರಿಗಾಗಿ ಕೌದಿ ಹೊಲಿದ ಮನೆತನ. ರಿಂಗ್‌ಗೋಲ್ಡ್ ಮೊದಲು ಎಣ್ಣೆಬಣ್ಣದ ಚಿತ್ರಕಾರ್ತಿ. 1967ರ ಅವರ ‘ಡೈ’ ಎಂಬ ದೊಡ್ಡ ಚಿತ್ರದಲ್ಲಿ ಕರಿಯರೂ ಬಿಳಿಯರೂ ರಕ್ತದ ನಡುವೆ ದಿಕ್ಕೆಟ್ಟು ಓಡುತ್ತಾರೆ. 1970ರ ಹೊತ್ತಿಗೆ ವಿಟ್ನಿ ಮ್ಯೂಸಿಯಮ್ಮಿನ ಮುಂದೆ ನಿಂತು, ಪ್ರದರ್ಶನದಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಹೋರಾಡಿದರು. ಜೀಸ್ ಬೆಂಡಿನ ಕೌದಿಗಳು ಮುಂದೆ ತೂಗಿದ್ದು ಅದೇ ಮ್ಯೂಸಿಯಮ್ಮಿನಲ್ಲಿ ಎಂಬುದನ್ನು ನೆನಪಿಡಬೇಕು.

1971ರಲ್ಲಿ ಅವರು ರೈಕರ್ಸ್ ದ್ವೀಪದ ಹೆಂಗಸರ ಜೈಲಿಗೆ ಚಿತ್ರ ಬರೆಯಲು ಹೊರಟರು. ನಿಮಗೇನು ಬೇಕು ಎಂದು ಅಲ್ಲಿದ್ದವರನ್ನೇ ಕೇಳಿದರು. ಇಲ್ಲಿಂದ ಹೊರಗೆ ಹೋಗುವ ದಾರಿ ಕಾಣಬೇಕು ಎಂಬ ಉತ್ತರ ಬಂತು. ಅವರು ಬರೆದದ್ದು ಬಸ್ಸು ಓಡಿಸುವ ಹೆಂಗಸು, ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ, ವೈದ್ಯೆ, ದೇಶದ ಅಧ್ಯಕ್ಷೆ. ಆ ಕೆಲಸಗಳಲ್ಲಿ ಎಷ್ಟೋ ಆಗಿನ್ನೂ ಹೆಂಗಸರ ಕೈಗೆ ಬಂದಿರಲಿಲ್ಲ. ಕೊಲೆ, ರಕ್ತವನ್ನು ಬರೆದ ಕೈ ಜೈಲಿನೊಳಗೆ ಅದನ್ನು ಬರೆಯದೆ, ಒಳಗಿದ್ದವರು ಕೇಳಿದ್ದನ್ನು ಕೊಟ್ಟಿತು. ನೊಂದವರ ಪರ ಕಲೆ ಎನ್ನುವವರು ಇದನ್ನು ಅವರಿಂದ ಕಲಿಯಬೇಕು. ಆ ಜೈಲನ್ನು 1988ರಲ್ಲಿ ಗಂಡಸರಿಗೆ ಬಿಟ್ಟುಕೊಟ್ಟಾಗ ಚಿತ್ರದ ಮೇಲೆ ಬಿಳಿ ಬಣ್ಣ ಬಳಿದರು. ಕಾವಲಿನವರೊಬ್ಬರ ಕಾಳಜಿಯಿಂದ ಅದು ಉಳಿದು, ಬಣ್ಣ ತೆಗೆಸಿಕೊಂಡು, ಈಗ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿದೆ.

ಚೌಕಟ್ಟಿನಿಂದ ಬಟ್ಟೆಗೆ ಅವರನ್ನು ಎಳೆದದ್ದು 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಂಡ ಟಿಬೆಟ್ಟಿನ ಥಂಕಾಗಳು. ಬೈಲಕುಪ್ಪೆಯಲ್ಲೋ ಮುಂಡಗೋಡದಲ್ಲೋ ಥಂಕಾ ನೋಡಿದ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸುತ್ತ ರೇಷ್ಮೆಯ ಅಂಚು, ನಡುವೆ ಚಿತ್ರ, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಡಬಹುದು. ಗ್ಯಾಲರಿಗಳು ಕರೆಯದ ಕಲಾವಿದೆಗೆ ತನ್ನ ಕೆಲಸವನ್ನು ತಾನೇ ಹೊತ್ತೊಯ್ಯುವ ಅನುಕೂಲ ಸಣ್ಣದಲ್ಲ. ಅಂಚುಗಳನ್ನು ಅಮ್ಮ ಹೊಲಿದುಕೊಟ್ಟರು. ಬಟ್ಟೆಯಿಂದಲೇ ಮುಖವಾಡ, ಆಳೆತ್ತರದ ಬೊಂಬೆಗಳೂ ಆದವು. ದೇಶ ಸ್ವಾತಂತ್ರ್ಯದ ಇನ್ನೂರನೇ ವರ್ಷದ ಸಂಭ್ರಮದಲ್ಲಿದ್ದ 1976ರಲ್ಲಿ ಅವರು ಆ ಬೊಂಬೆ, ಮುಖವಾಡಗಳನ್ನಿಟ್ಟುಕೊಂಡು ಒಂದು ಶವಜಾಗರಣೆಯ ಪ್ರದರ್ಶನ ಕಟ್ಟಿದರು. ಮಾದಕವಸ್ತುವಿಗೆ ಬಲಿಯಾದ ಗಂಡ, ಅವನ ದುಃಖದಲ್ಲೇ ಸತ್ತ ಹೆಂಡತಿ, ಸುತ್ತ ಅಳುವ ಮನೆಯವರು, ಚರ್ಚಿನ ಹಾಡು, ಕೊನೆಗೆ ಸತ್ತವರು ಏಳುತ್ತಾರೆ. ಇನ್ನೂರು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಕಾಲ ಗುಲಾಮರಾಗಿದ್ದ ಜನಕ್ಕೆ ಮೊದಲು ಬೇಕಾದದ್ದು ಒಟ್ಟಿಗೆ ಕೂತು ಅಳುವ ಅವಕಾಶ. ಆ ಪ್ರದರ್ಶನ ಅದನ್ನು ಕೊಟ್ಟಿತು.

ಅಮ್ಮನ ಜೊತೆ ಹೊಲಿದ ಮೊದಲ ಕೌದಿ 1980ರದು. ಮರುವರ್ಷ ಅಮ್ಮ ಇಲ್ಲವಾದರು. ರಿಂಗ್‌ಗೋಲ್ಡ್ ಆತ್ಮಕಥೆ ಬರೆದಿಟ್ಟುಕೊಂಡಿದ್ದರು, ಅಚ್ಚು ಹಾಕುವವರು ಸಿಗಲಿಲ್ಲ. ಹಾಗಾದರೆ ಬಟ್ಟೆಯ ಮೇಲೆಯೇ ಬರೆಯುತ್ತೇನೆ ಎಂದು 1983ರಿಂದ ಕಥೆ, ಚಿತ್ರ ಎರಡನ್ನೂ ಕೌದಿಗೆ ತಂದರು. 1988ರ ‘ಟಾರ್ ಬೀಚ್’ ಅವುಗಳಲ್ಲಿ ನನಗೆ ಅಚ್ಚುಮೆಚ್ಚು. ಸೆಕೆಯ ರಾತ್ರಿ, ಡಾಂಬರು ಬಳಿದ ತಾರಸಿ, ಊಟಕ್ಕೆ ಕೂತ ದೊಡ್ಡವರು, ಚಾಪೆಯ ಮೇಲೆ ಮಲಗಿದ ಮಕ್ಕಳು. ಎಂಟು ವರ್ಷದ ಕ್ಯಾಸಿ ಸೇತುವೆಯ ಮೇಲೆ ಹಾರುತ್ತಾಳೆ. ಸೇತುವೆ ಕಟ್ಟುವ ಕೆಲಸದಲ್ಲಿದ್ದ ಅಪ್ಪನಿಗೆ ಬಣ್ಣದ ಕಾರಣಕ್ಕೆ ಕಾರ್ಮಿಕ ಸಂಘದಲ್ಲಿ ಜಾಗವಿಲ್ಲ. ಮಗಳು ಹಾರಿ ಸಂಘದ ಕಟ್ಟಡವನ್ನೇ ಅವನದಾಗಿಸುತ್ತಾಳೆ. ಚಿತ್ರದ ಸುತ್ತ ಹೂಬಟ್ಟೆಯ ಚೌಕಗಳು, ಮೇಲೂ ಕೆಳಗೂ ಕೈಬರಹದ ಕಥೆ. ಇದು 1991ರಲ್ಲಿ ಮಕ್ಕಳ ಪುಸ್ತಕವಾಯಿತು. ಸಿಕ್ಕರೆ ಮಕ್ಕಳಿಗೆ ಕೊಡಿಸಿ.

ನಮ್ಮಲ್ಲೂ ಆಫ್ರಿಕಾ ಮೂಲದ ಹೆಂಗಸರ ಕೌದಿಗಳಿವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೆ ತುಂಡು ಸೇರಿಸುತ್ತ, ಸುತ್ತು ಹಾಕಿ ಒಳಗೆ ಬರುತ್ತಾರೆ. ದಪ್ಪ ದಾರದ ಹೊಲಿಗೆ ಸಾಲುಸಾಲಾಗಿ ಎದ್ದು ಕಾಣುತ್ತದೆ. ನಾಲ್ಕು ಮೂಲೆಗೆ ಮಡಿಚಿದ ತ್ರಿಕೋನದ ಹೂಗಳು. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. 2011ರಲ್ಲಿ ಇವು ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದಲ್ಲಿ, ಅಂದರೆ ರಿಂಗ್‌ಗೋಲ್ಡ್ ಹುಟ್ಟಿದ ಬಡಾವಣೆಯಲ್ಲೇ, ಪ್ರದರ್ಶನ ಕಂಡವು. ಜೀಸ್ ಬೆಂಡಿಗೂ ಸಿದ್ದಿಗಳಿಗೂ ರಕ್ತದಲ್ಲೇ ಬಂದ ಒಂದು ವಿನ್ಯಾಸವಿದೆ ಎಂಬ ಮಾತಿಗೆ ನಾನು ಸುಲಭಕ್ಕೆ ತಲೆಯಾಡಿಸುವುದಿಲ್ಲ. ಕೌದಿ ಹೊಲಿಗೆ ನಮ್ಮ ಬಯಲುಸೀಮೆಯ ಮನೆಮನೆಯದು, ಸಿದ್ದಿಗಳು ಆ ನೆರೆಹೊರೆಯವರೇ. ಇಬ್ಬರಿಗೂ ಸಮಾನವಾದದ್ದು ಪೂರ್ವಿಕರನ್ನು ಮಾರಿ ತಂದ ಇತಿಹಾಸ, ಕೈಯಲ್ಲಿ ಬೇರೇನೂ ಉಳಿಯದ ಬಡತನ, ಸವೆದ ಬಟ್ಟೆಯನ್ನು ಬಿಸಾಡದ ಹಟ.

ವಾಷಿಂಗ್ಟನ್ನಿನ ಗೋಡೆಯ ಚೀಟಿಯಲ್ಲಿ ಮಿಸೌರಿ ಪೆಟ್‌ವೇ ಎಂದು ಹೆಸರಿದೆ. ಯಲ್ಲಾಪುರದ ಕಡೆ ಹೋಗಿ ಕೌದಿ ಕೊಳ್ಳುವವರು ಹೊಲಿದ ಅಕ್ಕನ ಹೆಸರು, ಊರು ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಂಡು ಕೌದಿಯ ಹಿಂಬದಿಗೆ ಹೊಲಿದಿಡಿ. ಅವರು ಹೇಳಿದ ಬೆಲೆ ಕೊಡಿ.